ಪ್ಲೇಟಿಂಗ್ ಸ್ಲಡ್ಜ್ ಕಳಿಸೋದು ಹೇಗೆ: ನೀಲಿ ಕಾಪಿ ವಾಪಸ್ ಬಂದ್ರೇ ಲೆಕ್ಕ

ಪೀಣ್ಯದಂಥ ಕಡೆ ಸಣ್ಣ ಪ್ಲೇಟಿಂಗ್ (ಲೋಹಕ್ಕೆ ಲೇಪ ಹಾಕೋ) ಶೆಡ್ ನಡೆಸೋರು ಇಟಿಪಿ, ಅಂದ್ರೆ ಕೊಳೆನೀರು ಶುದ್ಧ ಮಾಡೋ ಘಟಕದಲ್ಲಿ ಉಳಿಯೋ ಸ್ಲಡ್ಜ್ (ಕೆಸರು) ಲಾರಿಗೆ ಹತ್ತಿಸಿದ ತಕ್ಷಣ ಮುಗೀತು ಅಂದ್ಕೊಳ್ತಾರೆ, ಅದು ಎಲ್ಲಿ ಇಳೀತು ಅಂತ ಕೇಳೋದೇ ಇಲ್ಲ. ಕ್ರೋಮಿಯಂ, ನಿಕ್ಕಲ್ ಇರೋ ಆ ಕೆಸರು ಯಾವ್ದೋ ಖಾಲಿ ಸೈಟಲ್ಲಿ ಬಿದ್ರೆ ಮಳೆ ನೀರಿನ ಜೊತೆ ಬೋರ್‌ವೆಲ್‌ಗೆ ಇಳಿಯುತ್ತೆ.

ಮೊದ್ಲು ಆಥರೈಸೇಷನ್, ಅಂದ್ರೆ ಇಂಥ ಅಪಾಯಕಾರಿ ತ್ಯಾಜ್ಯಕ್ಕೆ ಮಾಲಿನ್ಯ ನಿಯಂತ್ರಣ ಮಂಡಳಿ ಕೊಡೋ ಅನುಮತಿ. ಫಾರ್ಮ್ 1ರಲ್ಲಿ ಅರ್ಜಿ, ಸಿಕ್ಕಿದ್ದು 5 ವರ್ಷ ನಡೆಯುತ್ತೆ. ಫೀಸು ಮಾತ್ರ ಹಳೇ ಚಲನ್ ನೋಡಿ ಕಟ್ಬೇಡಿ, ಅವತ್ತಿನ ರೇಟು ಮಂಡಳಿಯಲ್ಲೇ ಕೇಳಿ.

ಆಮೇಲೆ ಒಣಗಿಸೋದು. ಟಿಎಸ್‌ಡಿಎಫ್‌ನೋರು (ಈ ತ್ಯಾಜ್ಯ ಸಂಸ್ಕರಿಸಿ ವಿಲೇವಾರಿ ಮಾಡೋ ಕೇಂದ್ರದೋರು) ಟನ್ ಲೆಕ್ಕದಲ್ಲಿ ದುಡ್ಡು ತಗೊಳ್ತಾರೆ, ಒದ್ದೆ ಸ್ಲಡ್ಜ್ ಕಳಿಸಿದ್ರೆ ನೀರಿಗೂ ಬಾಡಿಗೆ ಕಟ್ಟಿದ ಹಾಗೆ. ಹಳೇ ಸಿಮೆಂಟ್ ಚೀಲ ಬೇಡವೇ ಬೇಡ, ಎತ್ತೋವಾಗ್ಲೇ ಒಡೆಯುತ್ತೆ, ಒಳಗೆ ಲೈನರ್ ಇರೋ ದಪ್ಪ ಚೀಲ ತಗೊಳ್ಳಿ. ಲೇಬಲ್ ಫಾರ್ಮ್ 8, ಹೊಳೆಯೋ ಹಳದಿ ಮೇಲೆ ಕೆಂಪಕ್ಷರ, ಕನ್ನಡದಲ್ಲೂ ಇರ್ಬೇಕು. ಮೇಲೆ ಶೀಟು, ಕೆಳಗೆ ಕಾಂಕ್ರೀಟ್ ಇರೋ ಕಡೆ ಇಡಿ. 90 ದಿನ ದಾಟಬಾರ್ದು.

ಎಲ್ರೂ ಎಡವೋದು ಮ್ಯಾನಿಫೆಸ್ಟಲ್ಲಿ, ಅಂದ್ರೆ ಮಾಲಿನ ಸಾಗಣೆ ಚೀಟಿಯಲ್ಲಿ. 2008ರ ಅಪಾಯಕಾರಿ ತ್ಯಾಜ್ಯ ರೂಲ್ಸಲ್ಲಿ ಅದು ಫಾರ್ಮ್ 13 ಆಗಿತ್ತು, 2016ರಿಂದ ಫಾರ್ಮ್ 10, ಆದ್ರೂ ಹಳೇದರ ಜೆರಾಕ್ಸ್ ತುಂಬಿ ಕಳಿಸೋರನ್ನ ನಾನೇ ನೋಡಿದೀನಿ. 7 ಕಾಪಿ, 7 ಬಣ್ಣ. ಬಿಳಿ ನಾವು ಮಂಡಳಿಗೆ ಕಳಿಸೋದು. ಹಳದಿಗೆ ಲಾರಿಯವ್ರ ಸಹಿ ಹಾಕಿಸ್ಕೊಂಡು ನಾವೇ ಇಟ್ಕೊಳ್ಳೋದು, ಗಾಡಿ ಗೇಟ್ ದಾಟೋ ಮುಂಚೆ, ಫೋನ್ ಮಾಡಿ ಆಮೇಲೆ ಹಾಕಿಸ್ತೀನಿ ಅನ್ನೋದು ನಡೆಯಲ್ಲ. ಉಳಿದ 5 ಲಾರಿ ಜೊತೆ ಹೋಗುತ್ತೆ: ಗುಲಾಬಿ ಕಾಪಿ ಸ್ಲಡ್ಜ್ ತಗೊಳ್ಳೋರ ಹತ್ರ ಉಳಿಯುತ್ತೆ, ಕಿತ್ತಳೆ ಲಾರಿಯವ್ರಿಗೆ, ಹಸಿರು ಅಲ್ಲಿಂದ ಮಂಡಳಿಗೆ, ನೀಲಿ ನಮಗೆ ವಾಪಸ್. ಬೂದು ಬಣ್ಣದ್ದು ಬೇರೆ ರಾಜ್ಯಕ್ಕೆ ಮಾಲು ಹೋದಾಗ ಮಾತ್ರ, ಅಲ್ಲಿನವ್ರು ನಮ್ಮ ಮಂಡಳಿಗೆ ಕಳಿಸ್ತಾರೆ.

ಆ ನೀಲಿ ಕಾಪಿನ ಬೆನ್ನು ಹತ್ತಿ ತರಿಸ್ಕೊಳ್ಳಿ, ಸ್ಲಡ್ಜ್ ಸರಿಯಾದ ಜಾಗಕ್ಕೆ ಮುಟ್ತು ಅನ್ನೋಕೆ ನಿಮ್ಮ ಕೈಲಿರೋ ಪುರಾವೆ ಅದು. ಅರ್ಧ ರೇಟಿಗೆ ಎತ್ಕೊಂಡ್ ಹೋಗ್ತೀವಿ, ಪೇಪರ್ ಏನೂ ಬೇಡ ಅನ್ನೋರನ್ನ ಗೇಟ್ ಒಳಗೇ ಬಿಡ್ಬೇಡಿ.

ಕೊನೇಲಿ ಫಾರ್ಮ್ 4, ವರ್ಷದ ಲೆಕ್ಕ, ಜೂನ್ 30ರೊಳಗೆ. ಫಾರ್ಮ್ 3ರ ರಿಜಿಸ್ಟರ್ (ತ್ಯಾಜ್ಯದ ದಾಖಲೆ ಪುಸ್ತಕ), ವೇಬ್ರಿಡ್ಜ್ ಚೀಟಿ, ನೀಲಿ ಕಾಪಿ, ಮೂರರಲ್ಲೂ ತೂಕ ತಾಳೆ ಆಗ್ತಿದ್ಯಾ ನೋಡ್ಕೊಂಡೇ ಸಹಿ ಹಾಕಿ.