ಖಾಲಿ ಪ್ಯಾರಾ ಎಲ್ಲಿಂದ ಬಂತು?

ನನ್ನ ವೆಬ್ ಪುಟದ ನಡುವೆ ಒಂದು ಪಟ್ಟಿ, ಅದರ ಕೆಳಗೆ ಬೇಡದ ಅಂತರ. ಇಡೀ ಮಧ್ಯಾಹ್ನ ಪುಟದ ನೋಟ ನಿರ್ಧರಿಸುವ ಸಿಎಸ್‌ಎಸ್‌ ಕಡತದಲ್ಲಿ ಮಾರ್ಜಿನ್ (ಹೊರ ಅಂತರ) ತಗ್ಗಿಸುತ್ತಾ ಕುಳಿತಿದ್ದೆ. ತಪ್ಪು ಅಲ್ಲಿರಲಿಲ್ಲ. ಪುಟದ ರಚನೆಯನ್ನು ಬರೆಯುವ ಎಚ್‌ಟಿಎಂಎಲ್‌ನಲ್ಲಿ ನಾನು ಪ್ಯಾರಾ ಗುರುತಿಸುವ ಪಿ ಟ್ಯಾಗಿನೊಳಗೆ ಪಟ್ಟಿ ಗುರುತಿಸುವ ಯುಎಲ್ ಟ್ಯಾಗನ್ನು ಇಟ್ಟಿದ್ದೆ.

ಪ್ಯಾರಾದೊಳಗೆ ಪಟ್ಟಿ ಇರುವಂತಿಲ್ಲ. ಯುಎಲ್ ಕಂಡ ಕೂಡಲೇ ಬ್ರೌಸರ್ ಪ್ಯಾರಾವನ್ನು ತಾನೇ ಮುಚ್ಚುತ್ತದೆ. ಪಟ್ಟಿ ಮುಗಿದ ಮೇಲೆ ನಾನು ಬರೆದ ಮುಚ್ಚುವ ಪಿ ಟ್ಯಾಗ್ ಎದುರಾಗುತ್ತದೆ. ಅದಕ್ಕೆ ಜೋಡಿಯಾದ ತೆರೆದ ಟ್ಯಾಗ್ ಉಳಿದಿಲ್ಲವಾದ್ದರಿಂದ ಬ್ರೌಸರ್ ಹೊಸದೊಂದು ಖಾಲಿ ಪ್ಯಾರಾ ಸೃಷ್ಟಿಸುತ್ತದೆ. ನನ್ನ ಪುಟದಲ್ಲಿ ಪ್ಯಾರಾಗಳಿಗೆ ಪ್ಯಾಡಿಂಗ್ (ಒಳ ಅಂತರ) ಕೊಟ್ಟಿದ್ದರಿಂದ ಖಾಲಿಯದ್ದೂ ಜಾಗ ಹಿಡಿದಿತ್ತು.

ಇಂಥದ್ದನ್ನು ಕಣ್ಣಿನಿಂದ ಹುಡುಕುವುದು ಸಾಕು ಎನಿಸಿ ಪೈಥಾನ್ ಸ್ಕ್ರಿಪ್ಟ್ ಬರೆಯಲು ಹೊರಟೆ. ಮೊದಲು ಕೈಗೆತ್ತಿಕೊಂಡದ್ದು ಎಚ್‌ಟಿಎಂಎಲ್ ಓದುವ ಪೈಥಾನ್ ಲೈಬ್ರರಿ ಎಲ್‌ಎಕ್ಸ್‌ಎಂಎಲ್. ಎಚ್‌ಟಿಎಂಎಲ್5 2014ರಲ್ಲೇ ವೆಬ್ ಮಾನದಂಡ ರೂಪಿಸುವ ಡಬ್ಲ್ಯು3ಸಿ ಸಂಸ್ಥೆಯ ಶಿಫಾರಸಾಗಿದ್ದರೂ, ನನ್ನಲ್ಲಿದ್ದ ಎಲ್‌ಎಕ್ಸ್‌ಎಂಎಲ್ ಆವೃತ್ತಿ ಅದರ ನ್ಯಾವ್, ಸೆಕ್ಷನ್‌ಗಳಂಥ ಟ್ಯಾಗ್‌ಗಳನ್ನೇ ಅಮಾನ್ಯ ಎಂದು ದೂರಿತು. ಅದನ್ನು ಬಿಟ್ಟು ಇನ್ನೊಂದು ಲೈಬ್ರರಿಯಾದ ಎಚ್‌ಟಿಎಂಎಲ್5ಲಿಬ್‌ಗೆ ಬಂದೆ. ಬ್ರೌಸರ್‌ಗಳು ಪಾಲಿಸುವ ಪಾರ್ಸಿಂಗ್ (ಟ್ಯಾಗ್‌ಗಳನ್ನು ಬಿಡಿಸಿ ಓದುವ) ನಿಯಮಗಳನ್ನೇ ಅದು ಪಾಲಿಸುತ್ತದೆ. ಪಾರ್ಸರ್ ವಸ್ತುವೊಂದನ್ನು ರಚಿಸಿ, ಪುಟದ ಪಠ್ಯವನ್ನು ಕೊಟ್ಟು, ನಂತರ ಅದರ ‘ಎರರ್ಸ್’ ಪಟ್ಟಿಯನ್ನು ಓದಿದರೆ ಸಾಕು: ಸಾಲು, ಅಂಕಣ, ದೋಷದ ಹೆಸರು ಸಿಗುತ್ತವೆ.

ನನ್ನ ಖಾಲಿ ಪ್ಯಾರಾ ‘ಅನ್‌ಎಕ್ಸ್‌ಪೆಕ್ಟೆಡ್ ಎಂಡ್ ಟ್ಯಾಗ್’ (ಅನಿರೀಕ್ಷಿತ ಮುಚ್ಚುವ ಟ್ಯಾಗ್) ಎಂಬ ಹೆಸರಿನಲ್ಲಿ ಸಿಕ್ಕಿತು. ಆದರೆ ಅದು ತೋರಿಸಿದ್ದು ಪಟ್ಟಿಯ ನಂತರದ ಸಾಲನ್ನು, ಯುಎಲ್ ಶುರುವಾದ ಸಾಲನ್ನಲ್ಲ. ಪಿ ಟ್ಯಾಗನ್ನು ಮುಚ್ಚದೇ ಬಿಡಲು ಎಚ್‌ಟಿಎಂಎಲ್‌ನಲ್ಲಿ ಅವಕಾಶವಿದೆ. ಹಾಗಾಗಿ ಯುಎಲ್ ಬಂದಾಗ ಪಾರ್ಸರ್‌ಗೆ ಯಾವ ತಪ್ಪೂ ಕಾಣುವುದಿಲ್ಲ. ಪಾರ್ಸರ್ ಹೇಳುವುದು ತನಗೆ ಅನುಮಾನ ಬಂದ ಜಾಗವನ್ನು ಮಾತ್ರ. ಅಂದಿನಿಂದ ದೋಷದ ಸಾಲಿನಿಂದ ಹಿಂದಕ್ಕೆ ಓದುವುದು ನನಗೆ ರೂಢಿಯಾಗಿದೆ. ಒಂದು ತಪ್ಪಿನ ಬೆನ್ನಿಗೆ ಹತ್ತು ದೋಷ ಬೀಳುವುದುಂಟು, ಆದ್ದರಿಂದ ಮೊದಲನೆಯದನ್ನು ತಿದ್ದಿ ಮತ್ತೆ ಓಡಿಸುತ್ತೇನೆ. ಪರೀಕ್ಷೆಗೆ ಟೆಂಪ್ಲೇಟ್ ಕಡತಗಳನ್ನು ಕೊಡುವುದಿಲ್ಲ. ಅವುಗಳಿಂದ ತಯಾರಾದ ಪೂರ್ತಿ ಪುಟವನ್ನೇ ಕೊಡುತ್ತೇನೆ.

ಇಷ್ಟಾದರೂ ಎಚ್‌ಟಿಎಂಎಲ್5ಲಿಬ್ ಹಿಡಿಯುವುದು ವ್ಯಾಕರಣದ ತಪ್ಪುಗಳನ್ನಷ್ಟೇ. ಚಿತ್ರಕ್ಕೆ ಅದನ್ನು ವಿವರಿಸುವ ಆಲ್ಟ್ ಪಠ್ಯ ಇಲ್ಲದಿದ್ದರೆ, ಪುಟದ ಒಂದು ಭಾಗಕ್ಕಷ್ಟೇ ಇರಬೇಕಾದ ಗುರುತಿನ ಹೆಸರು, ಅಂದರೆ ಐಡಿ, ಎರಡು ಕಡೆ ಇದ್ದರೆ ಅದು ಸುಮ್ಮನಿರುತ್ತದೆ. ಅದಕ್ಕಾಗಿ ನು ಎಚ್‌ಟಿಎಂಎಲ್ ಚೆಕರ್ ಎಂಬ ಪರೀಕ್ಷಾ ಸಾಧನವನ್ನು ಸೇರಿಸಿಕೊಂಡೆ. ಜಾವಾದಲ್ಲಿ ಬರೆದದ್ದು, ನಮ್ಮ ಕಂಪ್ಯೂಟರಿನಲ್ಲೇ ಓಡುತ್ತದೆ, ಫಲಿತಾಂಶವನ್ನು ಸ್ಕ್ರಿಪ್ಟ್‌ಗಳು ಸುಲಭವಾಗಿ ಓದಬಲ್ಲ ಜೇಸನ್ ರೂಪದಲ್ಲೂ ಕೊಡುತ್ತದೆ. ಮೊದಲ ಎರಡು ದಿನ ಎಲ್ಲ ಪುಟಗಳಲ್ಲೂ ಸೊನ್ನೆ ದೋಷ ಎಂದು ಬಂತು. ನನಗೆ ನಂಬಿಕೆ ಬರಲಿಲ್ಲ. ಬೇಕೆಂದೇ ಕೆಡಿಸಿದ ಪುಟ ಕೊಟ್ಟೆ, ಆಗಲೂ ಸೊನ್ನೆ. ಚೆಕರ್ ತನ್ನ ಸಂದೇಶಗಳನ್ನು ದೋಷಗಳಿಗೆಂದೇ ಇರುವ ಎರರ್ ಸ್ಟ್ರೀಮಿಗೆ ಬರೆಯುತ್ತಿತ್ತು, ನನ್ನ ಸ್ಕ್ರಿಪ್ಟ್ ಸಾಮಾನ್ಯ ಔಟ್‌ಪುಟ್ ಮಾತ್ರ ಓದುತ್ತಿತ್ತು. ಆ ಕೆಟ್ಟ ಪುಟವನ್ನು ಈಗಲೂ ಇಟ್ಟುಕೊಂಡಿದ್ದೇನೆ. ಪ್ರತಿ ಸಲ ಮೊದಲು ಅದನ್ನೇ ಓಡಿಸುತ್ತೇನೆ. ಅದರಲ್ಲಿ ದೋಷ ಸಿಗದಿದ್ದರೆ ಉಳಿದ ಫಲಿತಾಂಶವನ್ನು ನೋಡುವುದೇ ಇಲ್ಲ.

ಸರಿಪಡಿಸಿದ ಮೇಲೆ ಬಂದ ದೋಷಗಳಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಐಡಿಯದು. ಒಂದೇ ಪುಟದಲ್ಲಿ ಎರಡು ಫಾರ್ಮ್, ಎರಡರಲ್ಲೂ ‘ಇಮೇಲ್’ ಎಂಬ ಐಡಿ. ಲೇಬಲ್ ತನ್ನ ಪೆಟ್ಟಿಗೆಯನ್ನು ಐಡಿಯಿಂದಲೇ ಹುಡುಕುವುದರಿಂದ, ಕೆಳಗಿನ ಲೇಬಲ್ ಒತ್ತಿದರೆ ಕರ್ಸರ್ ಮೇಲಿನ ಫಾರ್ಮಿಗೆ ಹಾರುತ್ತಿತ್ತು. ಕಣ್ಣು ಕಾಣುವವರು ಹೇಗೋ ಸರಿಯಾದ ಪೆಟ್ಟಿಗೆಯನ್ನು ಹುಡುಕಿಕೊಳ್ಳುತ್ತಾರೆ. ಪರದೆಯನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಬಳಸುವವರಿಗೆ ಕೆಳಗಿನದು ಹೆಸರಿಲ್ಲದ ಪೆಟ್ಟಿಗೆ. ಏನು ತುಂಬಬೇಕೆಂದು ಅವರಿಗೆ ಯಾರೂ ಹೇಳುವುದಿಲ್ಲ. ಆ ಪುಟ ಎಷ್ಟು ಕಾಲದಿಂದ ಹಾಗಿತ್ತೆಂದು ನೆನೆದರೆ ಈಗಲೂ ನೋವಾಗುತ್ತದೆ. ಎರಡನೆಯದಕ್ಕೆ ಬೇರೆ ಐಡಿ ಕೊಟ್ಟು, ಲೇಬಲ್ಲಿನಲ್ಲೂ ಅದನ್ನೇ ಬರೆದು, ಸ್ಕ್ರೀನ್ ರೀಡರ್ ಹಾಕಿಕೊಂಡು ಟ್ಯಾಬ್ ಒತ್ತುತ್ತಾ ಕೆಳಗಿಳಿದೆ. ಎರಡನೆಯ ಪೆಟ್ಟಿಗೆಗೆ ಬಂದಾಗ ‘ಇಮೇಲ್ ವಿಳಾಸ’ ಎಂದು ಕೇಳಿಸಿತು.