‘ಸಿನ್ಸ್’ ಮತ್ತು ‘ಫಾರ್’: ಅರ್ಜಿ ಬರೆಯುವವರಿಗೊಂದು ಸಲಹೆ

ಇಂಗ್ಲಿಷಿನಲ್ಲಿ ಉದ್ಯೋಗದ ಅರ್ಜಿ ಸಿದ್ಧಪಡಿಸುತ್ತಿರುವವರು ದಯವಿಟ್ಟು ಇದನ್ನು ಗಮನಿಸಬೇಕು. ‘2019ರಿಂದ’, ‘ಐದು ವರ್ಷಗಳಿಂದ’ ಎಂದು ಕನ್ನಡದಲ್ಲಿ ಎರಡೂ ಕಡೆ ‘ಇಂದ’ ಪ್ರತ್ಯಯವೇ ಬರುವುದರಿಂದ, ನಮ್ಮಲ್ಲಿ ಅನೇಕರು ಇಂಗ್ಲಿಷಿನಲ್ಲಿಯೂ ಎರಡಕ್ಕೂ ‘ಸಿನ್ಸ್’ ಎಂದೇ ಬರೆದುಬಿಡುತ್ತಾರೆ. ಆದರೆ ಆರಂಭವಾದ ಕಾಲವನ್ನು ಹೇಳುವಾಗ ಮಾತ್ರ ‘ಸಿನ್ಸ್’ ಸರಿ. ಕಳೆದ ಅವಧಿಯನ್ನು ಹೇಳುವಾಗ ‘ಫಾರ್’ ಬರಬೇಕು. ಕ್ರಿಯಾಪದದ ರೂಪವೂ ಅಷ್ಟೇ ಮುಖ್ಯವಾದ್ದರಿಂದ, ‘ಐ ಆಮ್ ವರ್ಕಿಂಗ್ ಸಿನ್ಸ್ ಫೈವ್ ಇಯರ್ಸ್’ ಎಂಬುದನ್ನು ‘ಐ ಹ್ಯಾವ್ ಬೀನ್ ವರ್ಕಿಂಗ್ ಫಾರ್ ಫೈವ್ ಇಯರ್ಸ್’ ಎಂದು ತಿದ್ದಿಕೊಳ್ಳಬೇಕು. ವ್ಯಾಕರಣದ ಹೆಸರುಗಳನ್ನು ಬಾಯಿಪಾಠ ಮಾಡುವುದಕ್ಕಿಂತ, ಬರೆದದ್ದು ‘ಯಾವಾಗಿನಿಂದ’ ಎಂಬುದಕ್ಕೆ ಉತ್ತರವೋ ‘ಎಷ್ಟು ಕಾಲ’ ಎಂಬುದಕ್ಕೋ ಎಂದು ಕೇಳಿಕೊಳ್ಳುವುದು ನನ್ನ ದೃಷ್ಟಿಯಲ್ಲಿ ಹೆಚ್ಚು ಉಪಯುಕ್ತ. ಬಿಟ್ಟುಬಂದ ಹಳೆಯ ಕೆಲಸವಾದರೆ ‘ಐ ವರ್ಕ್ಡ್ ದೇರ್ ಫಾರ್ ಟೂ ಇಯರ್ಸ್’ ಎಂದರೆ ಸಾಕು.