ಲ್ಯಾಬ್ ಸರ್ವರ್‌ನಲ್ಲಿ ಪ್ರೊಸೆಸ್ ಮಿತಿ: ಲೆಕ್ಕ ಥ್ರೆಡ್‌ಗಳದ್ದು

ಬೆಳಗಾವಿಯ ಎಂಜಿನಿಯರಿಂಗ್ ಕಾಲೇಜಿನ ಉಬುಂಟು ಸರ್ವರ್‌ಗೆ ನಾನು ಹಾಕಿದ ಮಿತಿ ಇದು. ಆಪರೇಟಿಂಗ್ ಸಿಸ್ಟಂ ಲ್ಯಾಬ್‌ನಲ್ಲಿ ಲೂಪಿನೊಳಗೆ ಫೋರ್ಕ್ (ಹೊಸ ಪ್ರೊಸೆಸ್ ಹುಟ್ಟಿಸುವ ಕರೆ) ಬರೆದು ನಿಲ್ಲಿಸುವ ಷರತ್ತು ಬಿಟ್ಟರೆ ಸಾಕು, ಪ್ರೊಸೆಸ್‌ಗಳು ತುಂಬಿಹೋಗಿ (ಇದೇ 'ಫೋರ್ಕ್ ಬಾಂಬ್') ಉಳಿದವರಿಗೆ ಲಾಗಿನ್ನೂ ಆಗುವುದಿಲ್ಲ.

ಎಟ್‌ಸಿ/ಸೆಕ್ಯುರಿಟಿ/ಲಿಮಿಟ್ಸ್.ಡಿ ಒಳಗೆ .ಕಾನ್ಫ್ ಎಂದು ಮುಗಿಯುವ ಫೈಲ್ ಮಾಡಿ, @ ಹಚ್ಚಿದ ವಿದ್ಯಾರ್ಥಿ ಗ್ರೂಪಿಗೆ ಎನ್‌ಪ್ರಾಕ್ (ಒಬ್ಬ ಬಳಕೆದಾರನ ಪ್ರೊಸೆಸ್ ಮಿತಿ) ಬಗ್ಗೆ ಎರಡು ಸಾಲು ಬರೆದೆ: ಸಾಫ್ಟ್ ಎನ್‌ಪ್ರಾಕ್ 200, ಹಾರ್ಡ್ ಎನ್‌ಪ್ರಾಕ್ 300. ಸಾಫ್ಟ್ ಮಿತಿಯನ್ನು ಹುಡುಗರು ತಾವೇ 300ರವರೆಗೆ ಏರಿಸಿಕೊಳ್ಳಬಹುದು, ಹಾರ್ಡ್ ದಾಟಲಾರರು. ಇದನ್ನು ಜಾರಿ ಮಾಡುವುದು ಲಾಗಿನ್ ಪರಿಶೀಲಿಸುವ ವ್ಯವಸ್ಥೆಯಾದ ಪ್ಯಾಮ್, ಅದೂ ಲಾಗಿನ್ ಹೊತ್ತಿಗೆ. ಹಾಗಾಗಿ ಮೊದಲೇ ತೆರೆದಿದ್ದ ಟಿಮಕ್ಸ್‌ನಲ್ಲಿ (ಲಾಗೌಟ್ ಆದರೂ ಓಡುತ್ತಿರುವ ಟರ್ಮಿನಲ್ ಸೆಷನ್) ಹಳೆಯ ಮಿತಿಯೇ ಇರುತ್ತದೆ. ಹೊಸದಾಗಿ ಲಾಗಿನ್ ಆಗಿ 'ಯುಲಿಮಿಟ್ -ಯು' ಕೊಟ್ಟು ನೋಡಬೇಕು.

50 ಸಾಕು ಅಂತ ಅನಿಸುತ್ತದೆ, ಸಾಲದು. ಎನ್‌ಪ್ರಾಕ್ ಎಣಿಸುವುದು ಆ ಯುಐಡಿಯ (ಬಳಕೆದಾರನ ಗುರುತು ಸಂಖ್ಯೆ) ಎಲ್ಲ ಥ್ರೆಡ್‌ಗಳನ್ನು, ಅಂದರೆ ಒಂದೇ ಪ್ರೊಸೆಸ್ಸಿನೊಳಗೆ ಒಟ್ಟಿಗೆ ಓಡುವ ಎಳೆಗಳನ್ನೂ. ಹೆಚ್ಚು ಕೋರ್‌ಗಳಿರುವ ಯಂತ್ರದಲ್ಲಿ ಜಾವಾದ ಸಣ್ಣ ಪ್ರೋಗ್ರಾಂ ಕೂಡ ಗಾರ್ಬೇಜ್ ಕಲೆಕ್ಷನ್‌ಗೆಂದು (ಬಳಸದ ಮೆಮೊರಿ ಬಿಡಿಸುವ ಕೆಲಸ) ಕೋರ್‌ಗಳ ಲೆಕ್ಕದಲ್ಲಿ ಥ್ರೆಡ್ ಎಬ್ಬಿಸುತ್ತದೆ. ಪ್ರೊಸೆಸ್ ಪಟ್ಟಿ ಕೊಡುವ ಬರೇ 'ಪಿಎಸ್' ಇವನ್ನು ತೋರಿಸದು, '-ಎಲ್' ಸೇರಿಸಬೇಕು. ಇಡೀ ಬ್ಯಾಚ್‌ಗೆ ಒಂದೇ ಲಾಗಿನ್ ಕೊಡುವ ಪದ್ಧತಿ ಇದ್ದಲ್ಲಿ ಈ 300 ಎಲ್ಲರಿಗೂ ಹಂಚಿ ಹೋಗಿ, ಒಬ್ಬನ ಲೂಪ್ ತರಗತಿಯನ್ನೇ ಕಟ್ಟಿಹಾಕುತ್ತದೆ. ಯುಎಸ್‌ಎನ್‌ಗೆ (ವಿದ್ಯಾರ್ಥಿಯ ವಿಶ್ವವಿದ್ಯಾಲಯ ನೋಂದಣಿ ಸಂಖ್ಯೆ) ಒಂದರಂತೆ ಲಾಗಿನ್ ಮಾಡದೆ ಮಿತಿ ಹಾಕಿ ಪ್ರಯೋಜನವಿಲ್ಲ.

ಸರ್ವಾಧಿಕಾರದ ಖಾತೆಯಾದ ರೂಟ್‌ಗೆ ಎನ್‌ಪ್ರಾಕ್ ಅನ್ವಯಿಸದು. ಸುಡೋ (ರೂಟ್ ಆಗಿ ಕಮಾಂಡ್ ಓಡಿಸುವ ಅನುಮತಿ) ಇರುವವರು ಅದನ್ನು ಸುಲಭವಾಗಿ ತಪ್ಪಿಸುತ್ತಾರೆ. ಅದಕ್ಕೇ ಎರಡನೇ ಬೇಲಿ, ಸಿಸ್ಟಂಡಿ ಪ್ರತಿ ಬಳಕೆದಾರನ ಪ್ರೊಸೆಸ್‌ಗಳನ್ನೆಲ್ಲ ಒಟ್ಟಿಗಿಡುವ ಗುಂಪಾದ 'ಸ್ಲೈಸ್'ಗೆ: ಎಟ್‌ಸಿ/ಸಿಸ್ಟಂಡಿ/ಸಿಸ್ಟಂ ಒಳಗೆ 'ಯೂಸರ್-.ಸ್ಲೈಸ್.ಡಿ' ಡೈರೆಕ್ಟರಿ ಮಾಡಿ, ಅಲ್ಲಿಯ ಫೈಲ್‌ನಲ್ಲಿ [ಸ್ಲೈಸ್] ಕೆಳಗೆ ಟಾಸ್ಕ್ಸ್‌ಮ್ಯಾಕ್ಸ್=400 ಬರೆದು, 'ಸಿಸ್ಟಂಸಿಟಿಎಲ್ ಡೀಮನ್-ರೀಲೋಡ್' ಕೊಡಬೇಕು. ಸುಡೋದಿಂದ ಎದ್ದ ಪ್ರೊಸೆಸ್ಸೂ ಅದೇ ಸ್ಲೈಸ್‌ನಲ್ಲಿ ಉಳಿಯುವುದರಿಂದ ಇಲ್ಲಿ ಲೆಕ್ಕಕ್ಕೆ ಸಿಗುತ್ತದೆ. ಬರೋಬ್ಬರಿ ಕೂತಿದೆಯೇ ಎಂಬುದು ಆ ಸ್ಲೈಸ್‌ನ ಸ್ಟೇಟಸ್‌ನಲ್ಲಿ 'ಟಾಸ್ಕ್ಸ್' ಸಾಲಿನ ಲಿಮಿಟ್ ನೋಡಿದರೆ ತಿಳಿಯುತ್ತದೆ. ಡಾಕರ್ (ಪ್ರೋಗ್ರಾಂಗಳನ್ನು ಕಂಟೇನರ್ ಎಂಬ ಪ್ರತ್ಯೇಕ ಆವರಣದಲ್ಲಿ ಓಡಿಸುವ ಸಾಧನ) ಗ್ರೂಪಿಗೆ ಸೇರಿಸಿದವರ ಕಂಟೇನರ್ ಮಾತ್ರ ಈ ಸ್ಲೈಸ್‌ನಿಂದ ಹೊರಗೆ ಓಡುತ್ತದೆ. ವಿದ್ಯಾರ್ಥಿಗಳನ್ನು ಅದಕ್ಕೆ ಸೇರಿಸಲೇಬೇಡಿ.

ಯಾವ ಮಿತಿ ತಗುಲಿದರೂ ಬರುವುದು ಒಂದೇ ಮಾತು, 'ರಿಸೋರ್ಸ್ ಟೆಂಪೊರರಿಲಿ ಅನ್‌ಅವೈಲಬಲ್'. ಕರ್ನಲ್ ಸಂದೇಶ ತೋರಿಸುವ 'ಡಿಮೆಸೇಜ್'ನಲ್ಲಿ 'ಫೋರ್ಕ್ ರಿಜೆಕ್ಟೆಡ್ ಬೈ ಪಿಡ್ಸ್ ಕಂಟ್ರೋಲರ್' ಕಂಡರೆ ಅದು ಸ್ಲೈಸ್‌ನ ಮಿತಿ. ಎನ್‌ಪ್ರಾಕ್ ಅಲ್ಲಿ ಏನೂ ಬರೆಯುವುದಿಲ್ಲ.

ಫೋರ್ಕ್ ಬಾಂಬ್ ಸಿಡಿದೇಬಿಟ್ಟರೆ ರೂಟ್‌ನಿಂದ ಮೊದಲು 'ಪಿಕಿಲ್ -ಸ್ಟಾಪ್ -ಯು' ಜೊತೆ ಆ ಲಾಗಿನ್ ಹೆಸರು, ಆಮೇಲೆ ಅದನ್ನೇ '-ಕಿಲ್' ಹಾಕಿ. ನಿಲ್ಲಿಸದೆ ಕೊಲ್ಲಹೊರಟರೆ ಖಾಲಿಯಾದ ಜಾಗಕ್ಕೆ ಉಳಿದವು ಕೂಡಲೇ ಮರಿ ಹಾಕುತ್ತವೆ.